ಮೇಲಿನ ಮಂಚದ ಚೀಟಿ

ಇವನನ್ನು ರೊಲಾಂಡಸ್ ಕಳುಹಿಸಿರಬಹುದೇ? ಇರಲಾರದು. ರೊಲಾಂಡಸ್‌ನ ಗೆಳೆಯರೆಲ್ಲ ದೊಡ್ಡ ದನಿಯವರು, ನಗುತ್ತ ಹೆಗಲ ಮೇಲೆ ಕೈ ಹಾಕುವವರು. ಇವನು ಮಾತೇ ಆಡುವುದಿಲ್ಲ. ಆದರೆ ಇಂಥ ಕೆಲಸಕ್ಕೆ ಮಾತಾಡದವನನ್ನೇ ಅಲ್ಲವೇ ಕಳುಹಿಸುವುದು...

ಮಿಲ್ಡಾ ಮೇಲಿನ ಮಂಚದಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಕೆಳಗಿನ ಮಂಚಕ್ಕೆ ಕಟ್ಟಿದ್ದ ಚೀಟಿಯನ್ನು ಮತ್ತೊಮ್ಮೆ ಬಗ್ಗಿ ನೋಡಿದಳು.

ಪೋರ್ಟೊದ ಆ ಹಾಸ್ಟೆಲಿನಲ್ಲಿ ಪ್ರತಿ ಮಂಚಕ್ಕೂ ಒಂದು ಚೀಟಿ. ಮಲಗುವವರ ಹೆಸರು, ಅದರ ಕೆಳಗೆ ಅವರು ಹೊರಡುವ ತಾರೀಕು. ಹಾಸ್ಟೆಲ್ ನಡೆಸುವ ದೋನ ಗ್ರಾಸ ನೀಲಿ ಮಸಿಯಲ್ಲಿ ದಪ್ಪಗೆ ಬರೆದು ತಾನೇ ಕಟ್ಟುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಹೊದಿಕೆ ಎಳೆದುಕೊಂಡು ಹೋಗುತ್ತಿದ್ದಳು, ಒಳಗೆ ಯಾರಾದರೂ ಗೊರಕೆ ಹೊಡೆಯುತ್ತಿದ್ದರೂ ಸರಿಯೇ.

ಕೆಳಗಿನ ಚೀಟಿಯಲ್ಲಿ ‘ಬೆನ್ಯಾತ್’ ಎಂದಿತ್ತು. ತಾರೀಕು ಹದಿನಾಲ್ಕು. ಅದಕ್ಕೆ ಗೀಟು ಎಳೆದು ಹದಿನೈದು. ಅದಕ್ಕೂ ಗೀಟು ಎಳೆದು ಹದಿನಾರು. ಇವತ್ತು ಬೆಳಿಗ್ಗೆ ಅದನ್ನೂ ಹೊಡೆದು ಹದಿನೇಳು ಎಂದು ಬರೆದಿದ್ದರು.

ಇಲ್ಲಿಂದ ಉತ್ತರಕ್ಕೆ, ಸಂತನೊಬ್ಬನ ಸಮಾಧಿಯಿರುವ ಇಗರ್ಜಿಗೆ ನಡೆದು ಹೋಗುವ ಯಾತ್ರಿಕರು ಒಂದೇ ರಾತ್ರಿ ಉಳಿಯುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಬೂಟು ಕಟ್ಟಿ ಹೋಗಿಬಿಟ್ಟಿರುತ್ತಾರೆ. ಇವನೂ ಯಾತ್ರಿಕನೇ. ಆದರೆ ಇವನ ಬೂಟುಗಳು ಮೂರು ದಿನದಿಂದ ಬೀದಿಬಾಗಿಲ ಪಕ್ಕದಲ್ಲೇ ಕುಳಿತಿವೆ.

ಮೊದಲ ದಿನವೇ ಅವಳಿಗೆ ಅನುಮಾನ ಬರಬೇಕಿತ್ತು. ಅವಳು ಕೋಣೆಗೆ ಬಂದಾಗ ಈ ಮೇಲಿನ ಮಂಚದಲ್ಲಿ ಮಲಗಿದ್ದವನು ಅವನು. ಮೂಲೆಯ ಮಂಚ, ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಎಲ್ಲಿ ಹೋದರೂ ಅವಳು ಹುಡುಕುತ್ತಿದ್ದುದು ಅಂಥದ್ದನ್ನೇ. ಅವಳು ಬಾಯಿ ಬಿಟ್ಟು ಏನೂ ಕೇಳಿರಲಿಲ್ಲ. ಮಂಚವನ್ನು ನೋಡಿದಳು, ಬಾಗಿಲನ್ನು ನೋಡಿದಳು, ಅಷ್ಟೇ. ಅವನು ಅವಳ ಮುಖವನ್ನೊಮ್ಮೆ ದಿಟ್ಟಿಸಿದ. ಅವನು ಎದ್ದು, ತನ್ನ ದಿಂಬು, ಚೀಲ, ಚೀಟಿ ಎಲ್ಲವನ್ನೂ ಬಿಚ್ಚಿಕೊಂಡು ಕೆಳಗಿನ ಮಂಚಕ್ಕೆ ಇಳಿದ.

“ಇಲ್ಲಿ ಮಲಗಿ,” ಎಂದ. ಮೂರು ದಿನದಲ್ಲಿ ಅವನು ಆಡಿದ್ದು ಅಷ್ಟೇ.

ಕೇಳದೆ ಕೊಡುವವರನ್ನು ಕಂಡರೆ ಮಿಲ್ಡಾಗೆ ಭಯ. ರೊಲಾಂಡಸ್ ಕೂಡ ಎಲ್ಲವನ್ನೂ ಕೇಳದೆಯೇ ಕೊಟ್ಟಿದ್ದ.

ಅವನು ಅವಳ ಮೇಲೆ ಒಂದು ದಿನವೂ ಕೈ ಎತ್ತಿರಲಿಲ್ಲ. ಅದನ್ನೇ ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದಳು. ಮೊದಲು ಅವಳ ಫೋನಿನ ಸಂಖ್ಯೆ ಬದಲಿಸಿದ, ಹಳೆಯ ಗೆಳತಿಯರು ಸರಿಯಿಲ್ಲ ಎಂದು. ಆಮೇಲೆ ಕೆಲಸ ಬಿಡಿಸಿದ. ಆಮೇಲೆ ಪಾಸ್‌ಪೋರ್ಟನ್ನು ತನ್ನ ಮೇಜಿನೊಳಗಿಟ್ಟು ಬೀಗ ಹಾಕಿದ, ಅವಳು ಕಳೆದುಕೊಂಡುಬಿಡುತ್ತಾಳೆ ಎಂದು. ಪ್ರತಿ ಬೀಗ ಹಾಕುವಾಗಲೂ ಒಂದೇ ಮಾತು: ಹೆದರಬೇಡ, ನಾನಿದ್ದೀನಲ್ಲ.

ಅವನ ಜೊತೆಗಿನ ಮದುವೆಗೆ ಹನ್ನೆರಡು ದಿನ ಇದ್ದಾಗ ಆ ಮೇಜಿನ ಬೀಗ ಒಡೆದು, ತನ್ನ ಊರು ಕೌನಾಸ್ ಬಿಟ್ಟು ಬಂದಿದ್ದಳು. ವಾರ್ಸಾ, ಲಿಯೋನ್, ಈಗ ಪೋರ್ಟೊ. ಹೋದಲ್ಲೆಲ್ಲ ಇಂಥವೇ ಮಂಚಗಳು, ಇಂಥವೇ ಅಪರಿಚಿತರ ಉಸಿರು. ಲಿಯೋನ್ ಬಿಟ್ಟ ಮರುದಿನ ಅಲ್ಲಿನ ಹುಡುಗಿಯೊಬ್ಬಳು ಬರೆದಿದ್ದಳು, ಯಾರೋ ನಿನ್ನನ್ನು ಕೇಳಿಕೊಂಡು ಬಂದಿದ್ದರು ಎಂದು.

ಹಾಸ್ಟೆಲಿನ ಭಯವೇ ಅದು. ಮನೆಯ ಬಾಗಿಲನ್ನು ಮುಚ್ಚಬಹುದು. ಇಲ್ಲಿ ಒಂದು ಮಂಚ ಕಾದಿರಿಸಿದರೆ ಸಾಕು, ಯಾರಿಗಾದರೂ ಬಾಗಿಲು ತೆರೆಯುತ್ತದೆ.

ಅವಳು ಕೆಳಗಿಳಿದು ಅಡುಗೆಮನೆಗೆ ಬಂದಾಗ ದೋನ ಗ್ರಾಸ ಜೋಳದ ರೊಟ್ಟಿ ಕೊಯ್ಯುತ್ತಿದ್ದಳು. ಬೆನ್ಯಾತ್ ಮೂಲೆಯಲ್ಲಿ ಪಾತ್ರೆ ಒರೆಸುತ್ತಿದ್ದ.

“ನೋಡು ಮಗಳೇ, ಇವನು ಬೆಟ್ಟದ ಕಡೆಯವನು. ಇನ್ನೂರೈವತ್ತು ಕಿಲೋಮೀಟರ್ ನಡೀತೀನಿ ಅಂತ ಬಂದ,” ಎಂದಳು ದೋನ ಗ್ರಾಸ. “ಮೂರು ದಿನದಿಂದ ನನ್ನ ಅಡುಗೆಮನೇಲೇ ನಡೀತಿದ್ದಾನೆ. ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಒಲೆಗೆ.”

ಮೇಜಿನ ಸುತ್ತ ಕುಳಿತಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವನ ಕಣ್ಣು ಒಮ್ಮೆ ಬೀದಿಬಾಗಿಲಿನತ್ತ ಹೋಗಿ ಬಂದುದನ್ನು ಮಿಲ್ಡಾ ನೋಡಿದಳು.

ಯಾರಿಗಾಗಿ ಕಾಯುತ್ತಿದ್ದಾನೆ?

ಮಧ್ಯಾಹ್ನ ಬಟ್ಟೆ ತುಂಬಿಕೊಂಡು ಬೀದಿಯ ತುದಿಯ ಬಟ್ಟೆ ಒಗೆಯುವ ಅಂಗಡಿಗೆ ಹೋದಳು. ಯಂತ್ರದ ಗಾಜಿನ ಹಿಂದೆ ತನ್ನ ಎರಡು ಅಂಗಿಗಳು ಉರುಳುವುದನ್ನು ನೋಡುತ್ತ ಕುಳಿತಿದ್ದಾಗ ಅಮ್ಮನ ಸಂದೇಶ ಬಂತು.

ನೀನು ಕಳಿಸಿದ ಅಡುಗೆಮನೆ ಫೋಟೋ ಅವನಿಗೆ ತೋರಿಸಿದೆ ಕಣೇ. ನನ್ನ ಮುಂದೆ ಕೂತು ಅತ್ತುಬಿಟ್ಟ. ಗೋಡೆಯ ನೀಲಿ ಟೈಲ್ಸ್ ನೋಡೇ ಯಾವ ಹಾಸ್ಟೆಲ್ ಅಂತ ಹುಡುಕಿಬಿಟ್ಟ. ಇವತ್ತು ಅಲ್ಲಿಗೆ ಬರ್ತಾನೆ. ಜಗಳ ಆಡಬೇಡ.

ಅವಳು ಎರಡು ಸಲ ಓದಲಿಲ್ಲ. ಯಂತ್ರ ತಿರುಗುತ್ತಲೇ ಇತ್ತು. ಬಟ್ಟೆಯನ್ನು ಅಲ್ಲೇ ಬಿಟ್ಟು, ಏರುದಾರಿಯಲ್ಲಿ ಓಡಿದಳು. ಚೀಲ ತೆಗೆದುಕೊಳ್ಳಬೇಕು, ಪಾಸ್‌ಪೋರ್ಟ್ ಲಾಕರಿನಲ್ಲಿದೆ, ಐದು ನಿಮಿಷ, ಬರೀ ಐದು ನಿಮಿಷ. ಹಿತ್ತಲ ಬಾಗಿಲಿಂದ ನುಗ್ಗಿ ಕೋಣೆಗೆ ಬಂದಳು.

ಮೇಲಿನ ಮಂಚದಲ್ಲಿ ಅವಳ ಚೀಟಿ ಇರಲಿಲ್ಲ.

ಅಲ್ಲಿ ‘ಬೆನ್ಯಾತ್’ ಎಂದು ತೂಗುತ್ತಿತ್ತು. ಕೆಳಗಿನ ಮಂಚಕ್ಕೆ ಯಾರದೋ ಹಳೆಯ ಚೀಟಿ, ನಿನ್ನೆಯೇ ಹೋದ ಮುದುಕನೊಬ್ಬನದು. ಮಿಲ್ಡಾ ಎಂಬ ಹೆಸರೇ ಆ ಕೋಣೆಯಲ್ಲಿ ಇರಲಿಲ್ಲ. ಯಾರೋ ಅವಳನ್ನು ಒರೆಸಿಹಾಕಿದಂತಿತ್ತು.

ಲಾಕರ್ ತೆಗೆದಳು. ಪಾಸ್‌ಪೋರ್ಟ್ ಅಂಗಿಯೊಳಗೆ ತುರುಕಿಕೊಂಡು ಮೆಟ್ಟಿಲಿಗೆ ಬಂದರೆ, ಅಲ್ಲಿ ಅವನು ನಿಂತಿದ್ದ. ಅವನ ಕೈಯಲ್ಲಿ ಅವಳ ಚೀಟಿ.

“ಅದನ್ನ ಯಾಕೆ ತಗೊಂಡ್ರಿ?”

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕೆಳಗೆ ಹೋಗಬೇಡಿ ಎಂಬಂತೆ ಕೈ ಮಾತ್ರ ಅಡ್ಡ ಬಂತು.

ಆ ಕೈ ಸಾಕಾಯಿತು ಅವಳಿಗೆ. ಇವನೇ. ಇಷ್ಟು ದಿನ ತನ್ನ ಕೆಳಗೇ ಮಲಗಿ ಕಾದವನು ಇವನೇ. ಆ ಕೈಯ ಕೆಳಗೆ ನುಸುಳಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಜನರಿರುವ ಕಡೆಗೆ, ಅಡುಗೆಮನೆಗೆ ಓಡಿದಳು.

ಉದ್ದನೆಯ ಮೇಜಿನ ತುದಿಯಲ್ಲಿ ರೊಲಾಂಡಸ್ ಕುಳಿತಿದ್ದ.

ಅವನ ಎದುರಿಗೆ ಅವಳ ಊರಿನ ಮದುವೆಗಳಲ್ಲಿ ಇಡುವ, ಮುಳ್ಳುಮುಳ್ಳಾದ ಮರದಂಥ ಎತ್ತರದ ಕೇಕು. ಅಷ್ಟು ದೂರದಿಂದ ಮುರಿಯದಂತೆ ಹೊತ್ತು ತಂದಿದ್ದ. ಒಂದೊಂದೇ ಮುಳ್ಳು ಮುರಿದು ಸುತ್ತಲಿನವರಿಗೆ ಹಂಚುತ್ತಿದ್ದ. ಅವರೆಲ್ಲ ಅವಳ ಮದುವೆಯ ಕೇಕನ್ನು ತಿನ್ನುತ್ತಿದ್ದರು.

“ಬಾ ಚಿನ್ನ,” ಎಂದ. “ಎಷ್ಟು ಸೊರಗಿದೀಯ. ಹೆದರ್ಬೇಡ, ನಾನಿದ್ದೀನಲ್ಲ.”

ಪಕ್ಕದ ಕೋಣೆಯ ಹುಡುಗಿಯೊಬ್ಬಳು ಅವಳತ್ತ ತಿರುಗಿ, ಇವರು ಊರೂರು ಅಲೆದು ಹುಡುಕಿದರಂತೆ, ನೀವು ಪುಣ್ಯವಂತೆ ಎಂದಳು. ಎಲ್ಲರ ಮುಖದಲ್ಲೂ ಮೆಚ್ಚುಗೆ. ರೊಲಾಂಡಸ್ ಎದ್ದು ಬಂದು ಅವಳ ಕತ್ತಿನ ಹಿಂದೆ ಕೈ ಇಟ್ಟ. ಹಗುರವಾಗಿಯೇ ಇಟ್ಟ. ಆ ಹಗುರವೇ ಅವಳಿಗೆ ಗೊತ್ತಿದ್ದ ಭಾರ.

“ಚೀಲ ತಗೊಂಡು ಬಾ. ಪಾಸ್‌ಪೋರ್ಟ್ ನನ್ನ ಹತ್ತಿರ ಕೊಡು.”

ಕೈ ತಾನಾಗಿಯೇ ಅಂಗಿಯೊಳಗೆ ಹೋಯಿತು. ಹೀಗೇ ಅಲ್ಲವೇ, ಪ್ರತಿ ಸಲವೂ ಹೀಗೇ ಕೊಟ್ಟುಬಿಟ್ಟದ್ದು...

ಆಗ ಬೆನ್ಯಾತ್ ಮೆಟ್ಟಿಲಿಳಿದು ಬಂದ. ಯಾರತ್ತಲೂ ನೋಡದೆ ಅಡುಗೆಮನೆ ದಾಟಿ ಬೀದಿಬಾಗಿಲಿಗೆ ಹೋದ. ಅದನ್ನು ಪೂರ್ತಿ ತೆರೆದ. ಗಾಳಿಗೆ ಅದು ಮತ್ತೆ ಮುಚ್ಚಿಕೊಳ್ಳಲು ಬಂದಾಗ ತನ್ನ ಬೂಟುಗಳನ್ನು ತೆಗೆದು ಅಡ್ಡ ಇಟ್ಟ. ಆಮೇಲೆ ಬಂದು ಬೆಂಚಿನ ತುದಿಯಲ್ಲಿ ಕುಳಿತ. ಅಷ್ಟೇ ಮಾಡಿದ.

ಬೀದಿಯ ಬೆಳಕು ನೆಲದ ಮೇಲೆ ಬಿತ್ತು. ಎಲ್ಲೋ ಟ್ರಾಮಿನ ಗಂಟೆ. ಮಿಲ್ಡಾ ಆ ಬೂಟುಗಳನ್ನು ನೋಡಿದಳು. ನಡೆಯದೆ ಕಾದ ಬೂಟುಗಳು. ಬಾಗಿಲು ತೆರೆದೇ ಇತ್ತು.

“ನಾನು ಬರಲ್ಲ.”

ಯಾರಿಗೂ ಕೇಳಿಸಲಿಲ್ಲ. ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಕತ್ತಿನ ಮೇಲಿದ್ದ ಕೈಯನ್ನು ತೆಗೆದು ಮತ್ತೊಮ್ಮೆ ಹೇಳಿದಳು. “ರೊಲಾಂಡಸ್, ನಾನು ಬರಲ್ಲ. ನಿನ್ನನ್ನ ಮದುವೆ ಆಗಲ್ಲ.”

ಕೇಕು ಅಗಿಯುತ್ತಿದ್ದ ಬಾಯಿಗಳು ನಿಂತವು.

ರೊಲಾಂಡಸ್ ಎಲ್ಲರತ್ತ ನೋಡಿ ನಕ್ಕ. “ಸುಸ್ತಾಗಿದೆ ಇವಳಿಗೆ.”

ದೋನ ಗ್ರಾಸ ಚಾಕುವನ್ನು ಹಲಗೆಯ ಮೇಲಿಟ್ಟಳು. “ಸುಸ್ತಾದವರು ಮಲಗ್ತೀನಿ ಅಂತಾರಪ್ಪ. ಇವಳು ಬರಲ್ಲ ಅಂದಳು. ನನಗೆ ವಯಸ್ಸಾಗಿರಬಹುದು, ಕಿವಿ ಕೇಳುತ್ತೆ.” ಕೈ ಒರೆಸಿಕೊಂಡು ಮುಂದೆ ಬಂದಳು. “ನಿನ್ನ ಮಂಚಕ್ಕೆ ಇನ್ನೂ ಹೊದಿಕೆ ಹಾಕಿಲ್ಲ. ಇನ್ನು ಹಾಕೋದೂ ಇಲ್ಲ. ಬಾಗಿಲು ಅಲ್ಲಿದೆ. ಮತ್ತೆ ಬಂದರೆ ಪೊಲೀಸರು ಬರ್ತಾರೆ.”

ಕೇಕು ತಿಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಪುಣ್ಯವಂತೆ ಎಂದಿದ್ದ ಹುಡುಗಿ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದಳು. ರೊಲಾಂಡಸ್ ಮಿಲ್ಡಾಳನ್ನು ಬಹಳ ಹೊತ್ತು ನೋಡಿದ. ದಾಟಿ ಹೋಗುವಾಗ ಅವಳಿಗೆ ಮಾತ್ರ ಕೇಳುವಂತೆ ಹೇಳಿದ.

“ಎಲ್ಲಿಗೆ ಹೋದರೂ ಹುಡುಕ್ತೀನಿ.”

ಬೂಟುಗಳನ್ನು ದಾಟಿ ಬೀದಿಗಿಳಿದ.

ಅವಳು ಗೆಲ್ಲಲಿಲ್ಲ, ಹಗುರಾಗಲೂ ಇಲ್ಲ. ಬೆಂಚಿನ ಮೇಲೆ ಕುಸಿದು ಹಲ್ಲು ಕಟಕಟ ಎನ್ನುವಂತೆ ನಡುಗಿದಳು. ಸುತ್ತ ನೆರೆದವರೆಲ್ಲ ಹೆದರಬೇಡಿ, ಹೆದರಬೇಡಿ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಷ್ಟೂ ನಡುಕ ಹೆಚ್ಚಾಯಿತು.

ಎಲ್ಲರೂ ಚದುರಿದ ಮೇಲೆ ಬೆನ್ಯಾತ್ ಚೀಟಿಯನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ತಳ್ಳಿದ.

“ಹಾಸ್ಟೆಲಿಗೆ ಬಂದವರು ಮೊದಲು ಕಿಟಕಿ ನೋಡ್ತಾರೆ, ಪ್ಲಗ್ ಎಲ್ಲಿದೆ ಅಂತ ನೋಡ್ತಾರೆ,” ಎಂದ. “ಅವನು ಯಾವ ಮಂಚ ಬೇಕು ಅಂತ ಆರಿಸೋ ನೆಪದಲ್ಲಿ ಕೋಣೆ ಕೋಣೆಗೂ ಹೋಗಿ ಚೀಟಿ ಓದ್ತಾ ಬಂದ. ನೀವು ಮೂರು ದಿನದಿಂದ ಬಾಗಿಲು ಕಾಯ್ತಿದ್ರಿ. ಇವನಿಗೇ ಹೆದರಿ ಇರಬೇಕು ಅನ್ನಿಸ್ತು. ಅವನು ನಮ್ಮ ಕೋಣೆಗೆ ಬರೋ ಮೊದಲು ಬದಲಾಯಿಸಿದೆ.”

“ನಾನು ನಿಮ್ಮಿಂದ ತಪ್ಪಿಸ್ಕೊಂಡು ಸೀದಾ ಅವನ ಹತ್ರಾನೇ ಓಡಿದೆ.”

“ಮೆಟ್ಟಿಲ ಮೇಲೆ ಹೇಳಬೇಕಿತ್ತು. ನಂಗೆ ಮಾತು ತಡವಾಗಿ ಬರುತ್ತೆ.”

ಅವಳಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಎದ್ದು ಹೊರಗೆ ಹೋದ, ಅರ್ಧ ಗಂಟೆ ಬಿಟ್ಟು ಅವಳ ಒದ್ದೆ ಬಟ್ಟೆಗಳ ಗಂಟು ಹಿಡಿದು ಬಂದ. ಅವಳು ಒಗೆಯುವ ಅಂಗಡಿಯ ಯಂತ್ರದಲ್ಲೇ ಬಿಟ್ಟು ಬಂದಿದ್ದವು.

ಮರುದಿನ ಹದಿನೇಳು. ಬೆಳಕು ಹರಿಯುವಾಗ ಇಬ್ಬರೂ ಹೊರಟರು. ಹೊರಡೋಣವೇ ಎಂದು ಕೇಳಿದ್ದು ಅವಳೇ. ಇನ್ನೂ ಆರದ ಅಂಗಿಗಳನ್ನು ಯಾತ್ರಿಕರ ಹಾಗೆ ಬೆನ್ನುಚೀಲಕ್ಕೆ ಪಿನ್ನು ಹಾಕಿ ತೂಗುಬಿಟ್ಟಿದ್ದಳು. ದೋನ ಗ್ರಾಸ ಬಾಗಿಲಲ್ಲಿ ನಿಂತು, ಅಂತೂ ನನ್ನ ಪಾತ್ರೆ ಒರೆಸುವವನನ್ನು ಕರೆದುಕೊಂಡು ಹೋದೆಯಲ್ಲ ಎಂದು ರೇಗಿಸಿದಳು. ಆಮೇಲೆ ಬೀದಿಯ ಎರಡೂ ತುದಿಯನ್ನು ತಾನೇ ನೋಡಿ ಬಂದು, ಸರಿ ಎಂದು ತಲೆಯಾಡಿಸಿದಳು.

ಮೊದಲ ದಿನಗಳಲ್ಲಿ ಮಿಲ್ಡಾ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಅವನೂ ನಿಂತು ತಿರುಗಿ ನೋಡುತ್ತಿದ್ದ. ಇಬ್ಬರೂ ಖಾಲಿ ದಾರಿಯನ್ನು ನೋಡಿ ಮುಂದೆ ನಡೆಯುತ್ತಿದ್ದರು.

ಹನ್ನೊಂದನೆಯ ದಿನದ ಸಂಜೆ, ಯಾತ್ರೆಯ ಕೊನೆಯ ಹಾಸ್ಟೆಲಿನ ಅಂಗಳದಲ್ಲಿ ಕುಳಿತು ಅವಳು ಕೇಳಿದಳು.

“ಪೋರ್ಟೊದಲ್ಲಿ ಯಾಕೆ ಉಳಿದೆ? ಮೊದಲನೇ ದಿನ?”

“ಕಾಲು ಉಳುಕಿತ್ತು.”

“ಎರಡನೇ ದಿನ?”

“ನೀನು ಬಾಗಿಲು ನೋಡ್ತಾ ಇದ್ದೆ.”

“ಮೂರನೇ ದಿನ?”

ಅವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. “ನಾನು ನಿನ್ನ ನೋಡ್ತಾ ಇದ್ದೆ.”

ಅವಳು ಅವನತ್ತ ತಿರುಗಿದಳು. “ನಿಮ್ಮೂರಲ್ಲಿ ನಿಮ್ಮ ಮನೆಗೆ ಎಷ್ಟು ಬಾಗಿಲು?”

“ಎರಡು. ಹಿತ್ತಲದ್ದಕ್ಕೆ ಬೀಗ ಇಲ್ಲ, ಯಾವಾಗ ಬೇಕಾದ್ರೂ ಹೋಗಬಹುದು.”

“ಬರಬಹುದಾ?”

“ಬರಬಹುದು.”

ಆ ಸಂಜೆ ಮಂಚದ ಚೀಟಿಯಲ್ಲಿ ಅವಳು ತನ್ನ ಹೆಸರನ್ನು ತಾನೇ, ಬಾಗಿಲಿನಿಂದಲೂ ಓದಲು ಬರುವಷ್ಟು ದೊಡ್ಡದಾಗಿ ಬರೆದಳು.

ಅವಳ ಭಯ ಹೋಗಲು ವರ್ಷಗಳು ಬೇಕಾದವು. ಅಷ್ಟೂ ವರ್ಷ ಅವನು ಅವಳ ಪಕ್ಕದಲ್ಲೇ ಇದ್ದ, ಅವಳು ತಿರುಗಿ ನೋಡಿದಾಗಲೆಲ್ಲ ತಾನೂ ತಿರುಗಿ ನೋಡಿದ. ಹೆದರಬೇಡ ಎಂದು ಮಾತ್ರ ಅವನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.