ಎರಡು ಟ್ರೇ ತೆಂಗು

ಚಲುವರಾಜು ಎಳನೀರು ತಂದು ಮೇಜಿನ ಮೇಲಿಟ್ಟಾಗ ಯಶೋದ ಅಂದು ತಲೆ ಎತ್ತಲಿಲ್ಲ.

“ಯಾಕ್ ಯಶೋದಮ್ಮೋರೆ, ಕೋಪವಾ?”

“ಕೆಲ್ಸ ಐತೆ.”

ಎಪ್ಪತ್ನಾಲ್ಕನೆಯ ಇಸವಿ. ನಾಗಮಂಗಲದ ಆ ಬಾಡಿಗೆ ಕೋಣೆಯಲ್ಲಿ ತೋಟಗಳ ಗಣತಿ ನಡೆದಿತ್ತು. ಚಲುವರಾಜು ಸೈಕಲ್ಲಿನಲ್ಲಿ ಊರೂರು ಸುತ್ತಿ ಮರ ಎಣಿಸಿ ಹಾಳೆಗಳಲ್ಲಿ ಬರೆದು ತರುತ್ತಿದ್ದ. ಪಾಲಹಳ್ಳಿಯ ಯಶೋದ ಅದನ್ನು ಕಾರ್ಡುಗಳಲ್ಲಿ ತೂತು ಹೊಡೆದು ಬೆಂಗಳೂರಿನ ಕಂಪ್ಯೂಟರಿಗೆ ಅಣಿ ಮಾಡುತ್ತಿದ್ದಳು. ಒಂದೊಂದು ಪಟ್ಟಿಯ ಹಾಳೆಗಳಿಗೂ ಒಂದೊಂದು ಟ್ರೇ, ಒಂದೊಂದು ಹೆಸರು.

ಆ ಬೆಳಿಗ್ಗೆ ಅವನು ಕೊಟ್ಟ ಎರಡು ಟ್ರೇಗಳ ಮೇಲೂ ಇಂಗ್ಲಿಷಿನಲ್ಲಿ ತೆಂಗು ಎಂದೇ ಇತ್ತು. ಒಂದರ ಮೇಲೆ ದೊಡ್ಡಕ್ಷರ, ಇನ್ನೊಂದರ ಮೇಲೆ ಚಿಕ್ಕಕ್ಷರ. ಒಳಗೆ ಅದೇ ರೈತರು, ಅದೇ ಸರ್ವೆ ನಂಬರು. ಯಾರಿಗೋ ಅನುಕೂಲವಾಗಲೆಂದು ಇಲ್ಲದ ಮರ ಬರೆದಿದ್ದಾನೆ ಎನಿಸಿತು. ಸೋಮವಾರ ಲೆಕ್ಕ ನೋಡಲು ಸಾಹೇಬರು ಬರುತ್ತಾರೆ. ಹೇಳಿದರೆ ಇವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಸುಳ್ಳಿನಲ್ಲಿ ತನಗೂ ಪಾಲು. ಹಾಗಾದರೆ ತಾನು ಇಷ್ಟು ದಿನ ಓರೆಗಣ್ಣಿನಲ್ಲಿ ನೋಡಿದ್ದು ಒಬ್ಬ ಕಳ್ಳನನ್ನು.

“ಒಂದೇ ಹೆಸರಿಗೆ ಎರಡು ಟ್ರೇ ಯಾಕೆ?”

“ಒಂದೇ ಎಲ್ಲೈತೆ? ದೊಡ್ಡಕ್ಷರದ್ದು ಕಾಯಿ ಬಿಡೋ ಮರ. ಚಿಕ್ಕಕ್ಷರದ್ದು ಸಸಿ.”

ಅವನು ನಕ್ಕ. ಮೊನ್ನೆಯವರೆಗೆ ಮುದ್ದಾಗಿದ್ದ ಆ ನಗು ಇಂದು ಪಳಗಿದ ನಗುವಾಗಿ ಕಂಡಿತು.

“ಮಿಷನ್ನಿಗೆ ಚಿಕ್ಕಕ್ಷರಾನೇ ಗೊತ್ತಿಲ್ಲ. ನಿಮ್ಮ ಸಸಿಯೆಲ್ಲಾ ಅಲ್ಲಿ ಮರ ಆಗೋಯ್ತವೆ. ಬೇಕಂತ್ಲೇ ಮಾಡಿದ್ರಾ?”

ಅವನ ಮುಖ ಸಣ್ಣಗಾಯಿತು. “ಅದು ನಂಗೆ ಗೊತ್ತಿರ್ನಿಲ್ಲ. ಆದ್ರೆ ಸಸಿ ಅವೆ. ಬಂದು ನೋಡಿ.”

ಶನಿವಾರ ಮಧ್ಯಾಹ್ನ ಕಚೇರಿ ಮುಗಿದ ಮೇಲೆ ಇಬ್ಬರೂ ಆ ಪಟ್ಟಿಯ ಊರಿಗೆ ಬಸ್ಸಿನಲ್ಲಿ ಹೊರಟರು. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಗಾಜಿನಲ್ಲಿ ಅವನ ಕಣ್ಣು ಸಿಕ್ಕಿತು; ತಕ್ಷಣ ಸೆರಗು ಸರಿಮಾಡಿಕೊಂಡಳು. ಊರಿನವರಿಗೆ ಮೊದಲೇ ಹೇಳಿಕೊಟ್ಟಿರಬಹುದು ಎಂಬ ಶಂಕೆ ಬಸ್ಸಿಳಿದರೂ ಇಳಿಯಲಿಲ್ಲ. ಅದಕ್ಕೇ ಅವನು ತೋರಿಸಿದ ತೋಟ ಬಿಟ್ಟು, ಹಾಳೆಯಲ್ಲಿದ್ದ ಬೇರೊಂದು ಹೆಸರು ಹೇಳಿದಳು.

ಆ ತೋಟದ ಮಾದಮ್ಮ ಬಿಂದಿಗೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. “ಓಹೋ, ಎಣಿಸೋ ಸ್ವಾಮಿ! ಓದ್ಸಲ ಒಬ್ರೇ ಬಂದಿದ್ರಿ. ಈ ಸಲ ನಿಮ್ಮ ಲೆಕ್ಕಾನೇ ಎಚ್ಚಾಗೈತೆ ಕಣಪ್ಪ!”

ಇಬ್ಬರೂ ನೆಲ ನೋಡಿದರು.

ದೊಡ್ಡ ಮರಗಳ ನಡುನಡುವೆ, ನೆರಳಿಗೆಂದು ಸೋಗೆ ಕಟ್ಟಿದ್ದ ಪುಟ್ಟ ಸಸಿಗಳು. ಕಾಲುವೆ ನೀರಿನ ಗದ್ದೆ, ಕಬ್ಬು ನೋಡಿ ಬೆಳೆದ ಯಶೋದಳಿಗೆ, ಒಂದೇ ತೋಟದಲ್ಲಿ ಹೀಗೆ ಹಳೆಯದರ ಮಗ್ಗುಲಿಗೇ ಹೊಸದನ್ನು ನೆಟ್ಟು ಕಾಯುತ್ತಾರೆಂದು ತಿಳಿದಿರಲಿಲ್ಲ. ಆದರೂ ಹಾಳೆ ಹಿಡಿದು ಒಂದೊಂದನ್ನೂ ಮುಟ್ಟಿ ಎಣಿಸಿದಳು. ತಾಳೆಯಾಯಿತು.

“ಈಗ ನಂಬಿಕೆ ಬಂತಾ?” ಚಲುವರಾಜು ಕೇಳಿದ.

“ಸಸಿ ಮೇಲೆ ಬಂತು.”

“ಮನ್ಸನ ಮೇಲೆ?”

ಅವಳು ಮಾದಮ್ಮ ಕೊಟ್ಟ ಎಳನೀರನ್ನು ಅರ್ಧ ಕುಡಿದು, ಉಳಿದದ್ದನ್ನು ಅವನ ಕಡೆ ಚಾಚಿದಳು.

ಸೋಮವಾರ ಸಾಹೇಬರು ಬರುವ ಮುನ್ನ ಅವನು ಬಂದಾಗ ಟ್ರೇಗಳಿಗೆ ಹೊಸ ಚೀಟಿ ಅಂಟಿತ್ತು. ಅವಳ ಗುಂಡು ಕನ್ನಡದಲ್ಲಿ: ತೆಂಗಿನ ಮರ. ತೆಂಗಿನ ಸಸಿ. ಕೆಳಗೆ ಕಂಪ್ಯೂಟರಿಗೆಂದು ಬೇರೆ ಬೇರೆ ನಂಬರು.

“ಇನ್ನು ಬೆರಕೆ ಆಗಲ್ಲ,” ಎಂದಳು.

“ಹಂಗಾದ್ರೆ ನನ್ನ ಮೇಲಿದ್ದ ಅನುಮಾನ?”

“ನಂದು ಮುಗೀತು.” ಅವಳು ತೂತು ಹೊಡೆಯುವ ಯಂತ್ರಕ್ಕೆ ಕಾರ್ಡು ಸಿಕ್ಕಿಸಿ, ಅವನತ್ತ ನೋಡದೆಯೇ ನಕ್ಕಳು. “ಭಾನುವಾರ ನಿಮ್ಮವ್ವನ್ನ ಪಾಲಹಳ್ಳಿಗೆ ಕರ್ಕೊಂಡು ಬನ್ನಿ. ನಮ್ಮಪ್ಪನ್ನ ನಂಬ್ಸೋದು ನಿಮ್ಗೆ ಬಿಟ್ಟಿದ್ದು. ಅವ್ರು ನನಗಿಂತ ಅನುಮಾನದೋರು.”