ಕೂಸಿನ ಬೆನ್ನ ಮೇಲಿನ ಕಲೆ

೧೯೯೮ರ ನವೆಂಬರ್ ೧೨, ಗುರುವಾರ. ಕುಲಗೋಡದ ಗುರುಪಾದ ಠಾಣೆಗೆ ಬಂದು ಹೆಂಡತಿಯ ಮೇಲೆಯೇ ದೂರು ಕೊಟ್ಟ. ಮೂರು ತಿಂಗಳ ಮಗಳನ್ನು ಶೈಲಾ ಹೊಡೆದು ಕೊಂದಿದ್ದಾಳೆ. ಮಣ್ಣು ಕೊಡುವ ಮುಂಚೆ ಮೈ ತೊಳೆಯುವಾಗ ಬೆನ್ನೆಲ್ಲ ನೇರಳೆಗಟ್ಟಿತ್ತು ಎಂದ. ಪಿಎಸ್‌ಐ ಭೀಮರಾಯ ಎಫ್‌ಐಆರ್ ದಾಖಲಿಸಿದರು.

ತಹಶೀಲ್ದಾರರ ಸಮಕ್ಷಮ ಕುಣಿ ತೆಗೆಸಿ ಪಂಚನಾಮೆಯಾಯಿತು. ಕಾನ್‌ಸ್ಟೆಬಲ್ ಸತ್ತೆಪ್ಪ ಕೂಸಿನ ತಲೆಗೆ ಕಟ್ಟಿದ್ದ ಕುಂಚಿಗೆಯ ಗಂಟು ಬಿಚ್ಚಿದ. ಶವವನ್ನು ಪರೀಕ್ಷೆಗೆ ಗೋಕಾಕದ ಆಸ್ಪತ್ರೆಗೆ ಕಳಿಸಿ ಭೀಮರಾಯ ಗುರುಪಾದನ ಮನೆಗೆ ಹೋದರು. ಶೈಲಾಳ ಕುಪ್ಪಸ ಹಾಲಿನಿಂದ ತೊಯ್ದಿತ್ತು. ಬಲಗೈ ಬಾತಿತ್ತು.

“ಕೈಗೇನಾತವಾ?”

“ಬಿದ್ದೆರಿ.”

“ಕೂಸಿಗೆ?”

“ನಾನಽ ಕೊಂದೇನ್ರಿ ಸಾಹೇಬ್ರ. ಬಾಣಂತಿ ಇದ್ದು ಬದನಿಕಾಯಿ ತಿಂದೆ. ಹಾಲು ನಂಜಾತು.”

ತಪ್ಪೊಪ್ಪಿಗೆ ಸಿಕ್ಕಿತ್ತು. ಆದರೂ ಭೀಮರಾಯರ ಮನಸ್ಸು ಒಪ್ಪಲಿಲ್ಲ. ಅತ್ತೆ ಕೆಂಚವ್ವನ ಕಡೆ ತಿರುಗಿದರು.

“ತೊಟ್ಟಲಾ ಕಡೀಕ ತೂಗಿದವರು ಯಾರು?”

“ನಾನಽರಿ. ಈಕಿ ಹಳ್ಳಕ್ಕ ಅರಿಬಿ ಒಗಿಯಾಕ ಹೋಗಿದ್ಲು.”

“ಕೂಸು ಆಗ?”

“ನಿದ್ದ್ಯಾಗ ನಗತಿತ್ತು.”

“ಇದನ್ನ ಮಗಗ ಹೇಳಲಿಲ್ಲೇನು?”

“ಅಂವ ಕೇಳಬೇಕಲ್ರಿ!” ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಗೋಕಾಕದಲ್ಲಿ ಶವಪರೀಕ್ಷೆ ಮಾಡಿದ ಡಾಕ್ಟರ್ ಅಭಿನಂದನ ಅವರು ಕನ್ನಡಕ ತೆಗೆದು ಒರೆಸಿದರು. “ಅವು ಏಟಿನ ಗುರುತಲ್ರಿ. ಜೀವ ಹೋದ ಮ್ಯಾಲ ನೆತ್ತರು ಕೆಳಗಿನ ಮಗ್ಗಲಿಗೆ ಇಳೀತೈತಿ. ಅಂಗಾತ ಮಲಗಿತ್ತು, ಬೆನ್ನಿಗೆ ಬಂತು.”

“ಬದನಿಕಾಯಿ?”

“ಅದರಿಂದ ಕೂಸು ಸಾಯೂದಿಲ್ಲ.”

“ಮತ್ತ ಹೆಂಗ ಸತ್ತತ್ರಿ?”

“ಗೊತ್ತಿಲ್ಲ. ಆರಾಮ ಇದ್ದ ಕೂಸು ಒಮ್ಮೊಮ್ಮೆ ನಿದ್ದ್ಯಾಗ ಹಿಂಗ ಹೋಗಿಬಿಡ್ತಾವ. ಎಷ್ಟು ತಪಾಸ ಮಾಡಿದ್ರೂ ಕಾರಣ ಸಿಗೂದಿಲ್ಲ. ಯಾರದೂ ತಪ್ಪಲ್ಲ.”

ಕೂಸಿನ ಮೈಯಲ್ಲಿ ವಿಷವಿಲ್ಲವೆಂಬ ಪ್ರಯೋಗಾಲಯದ ವರದಿ ಡಿಸೆಂಬರಿನಲ್ಲಿ ಬಂತು. ಅಷ್ಟರಲ್ಲಿ ಶೈಲಾಳ ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿ, ತವರಿನವರು ಹುಕ್ಕೇರಿಗೆ ಕರೆದೊಯ್ದಿದ್ದರು. ಭೀಮರಾಯ ತಾವೇ ಅಲ್ಲಿಗೆ ಹೋಗಿ ಅವಳಿಗೆ ಡಾಕ್ಟರರ ಮಾತು ಹೇಳಿದರು.

“ಖರೇನ್ರಿ? ನನ್ನ ಹಾಲಿನಿಂದ ಅಲ್ಲ?”

“ಅಲ್ಲವಾ.”

ಅವಳು ನೆಲಕ್ಕೆ ಕುಸಿದು, ಮಗಳ ಹೆಸರು ಹಿಡಿದು ಅತ್ತಳು. ಬಹಳ ಹೊತ್ತಿನ ಮೇಲೆ ಹೇಳಿಕೆ ಕೊಟ್ಟಳು. ಕೂಸಿನ ಬೆನ್ನಿನ ಕಲೆ ಕಂಡ ಕೂಡಲೇ ಗುರುಪಾದ ಅವಳನ್ನು ಕೊಡಲಿಯ ಮರದ ಕಾವಿನಿಂದ ಹೊಡೆದಿದ್ದ. ಅವಳು ಕೈ ಅಡ್ಡ ಹಿಡಿದಿದ್ದಷ್ಟೇ; ಪಾಪಿಗೆ ಇದು ತಕ್ಕದ್ದೇ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಅಂದು ಸಂಜೆ ಗುರುಪಾದನ ಬಂಧನವಾಯಿತು. ಜೀಪಿನಲ್ಲಿ ಅವನು ಡಾಕ್ಟರರ ಮಾತನ್ನೆಲ್ಲ ಕೇಳಿಸಿಕೊಂಡ.

“ಯಾರರ ಮಾಡಿರಬೇಕಲ್ರಿ, ಸಾಹೇಬ್ರ? ಸುಮ್ಮನ ಹೆಂಗ ಸಾಯತೈತಿ?”

ಸಿಟ್ಟು ಮಾಡಲು ಅವನಿಗೊಬ್ಬರು ಬೇಕಿತ್ತು. ಈಗ ಯಾರೂ ಉಳಿದಿರಲಿಲ್ಲ. ಬೇಡಿ ಹಾಕಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅವನು ಮೊದಲ ಸಲ ಮಗಳಿಗಾಗಿ ಅತ್ತ.