ಅಪ್ಪನ ಎದೆ, ಅತ್ತೆಯ ಬೆನ್ನು

“ಸುಸೂ ಮಾಯ್, ಸುಸೂ ಮಾಯ್” ಅನ್ನುತ್ತ ಮಿಕಾ ಅಂಗಿಯೊಳಗೆ ಎರಡು ತೆಂಗಿನ ಚಿಪ್ಪು ತುರುಕಿಕೊಂಡು ಶಾಲೆಯ ಅಂಗಳದಲ್ಲಿ ಕುಣಿಯುತ್ತಿದ್ದ. ಇಡೀ ಆರನೇ ಕ್ಲಾಸು ಹೊಟ್ಟೆ ಹಿಡಿದು ನಗುತ್ತಿತ್ತು. ಲಾಂಗಿ ಮಾತ್ರ ನಗಲಿಲ್ಲ.

ಸುಸೂ ಮಾಯ್ ಅಂದರೆ ಸಮೋವಾದಲ್ಲಿ ದೊಡ್ಡ ಅತಿಥಿಗಳಿಗೆ ಹೇಳುವ ‘ದಯಮಾಡಿಸಿ’. ಬರೀ ಸುಸು ಅಂದರೆ ಮೊಲೆ. ಶುಕ್ರವಾರ ಶಾಲೆಯ ಹೊಸ ಕ್ಲಾಸ್‌ರೂಮಿನ ಓಪನಿಂಗ್ ಇತ್ತು. ಊರಿನ ಪರವಾಗಿ ಸ್ವಾಗತ ಹೇಳಬೇಕಾದವನು ಲಾಂಗಿಯ ಅಪ್ಪ ಎತುವಾಲೆ. ಹಾಗೆ ಹೇಳುವವನು ಅಂಗಿ ತೊಡುವಂತಿಲ್ಲ. ಬರಿಮೈಯಲ್ಲಿ, ಉದ್ದನೆಯ ಕೋಲು ಊರಿ ನಿಲ್ಲಬೇಕು. ನಿನ್ನೆ ಮಳೆಗೆ ಅಪ್ಪನ ಅಂಗಿ ಮೈಗೆ ಅಂಟಿ, ಊದಿದ ಎದೆ ಎದ್ದು ಕಂಡಿದ್ದನ್ನು ಮಿಕಾ ನೋಡಿಬಿಟ್ಟಿದ್ದ.

ಲಾಂಗಿ ಒಂದು ಚಿಪ್ಪು ಕಿತ್ತುಕೊಂಡು ಅವನ ತಲೆಗೇ ಬಾರಿಸಿದಳು.

ಟೀಚರಿಗೆ ಏಟು ಕಂಡಿತು, ಕುಣಿತ ಕಾಣಲಿಲ್ಲ. ಟೀಚರುಗಳ ಕಣ್ಣೇ ಹಾಗೆ. “ನಡಿ ಮನೆಗೆ. ಅಪ್ಪನ್ನ ಕರ್ಕೊಂಡು ಬಾ” ಅಂದರು.

ಅಪ್ಪ ಹಿತ್ತಲಲ್ಲಿ ಕೆಸುವಿನ ಗಿಡದ ಬುಡದಲ್ಲಿ ಏನೋ ಹೂಳುತ್ತಿದ್ದ. ಲಾಂಗಿ ಮಣ್ಣು ಕೆದಕಿದಳು. ಮಾತ್ರೆಗಳು.

“ಅಪ್ಪಾ, ಇದು ನಿನ್ನ ಹಾರ್ಟ್ ಮಾತ್ರೆ ಅಲ್ವಾ?”

“ಹಾರ್ಟ್ ಮಾತ್ರೆಯಂತೆ, ಹಾರ್ಟು. ಇದನ್ನ ನುಂಗೋಕೆ ಶುರು ಮಾಡಿದ್ಮೇಲೇ ಎದೆ ಹಿಂಗಾಗಿದ್ದು. ಶುಕ್ರವಾರ ಇದನ್ನ ಹೊತ್ಕೊಂಡು ಊರ ಮುಂದೆ ನಿಲ್ಲಲಾ?”

ಅವನ ಪಾದಗಳು ಬನ್ನಿನ ಹಾಗೆ ಊದಿದ್ದವು. ಇಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ಎಳೆದುಕೊಂಡಿದ್ದ. ಲಾಂಗಿಗೆ ಭಯವಾಯಿತು.

“ಫೇತು ಅತ್ತೆ ಕ್ಲಿನಿಕ್ಕಲ್ಲೇ ನರ್ಸು. ಅವಳಿಗೆ ಹೇಳೋಕಾಗಲ್ವಾ?”

“ಅವಳು ನಮ್ಮಕ್ಕ ಕಣೇ. ಅಕ್ಕನ ಹತ್ರ ಎದೆ ವಿಷಯ ಮಾತಾಡೋದಾ? ಅದಕ್ಕಿಂತ ಸಾಯೋದು ಸುಲಭ.”

ಅಲ್ಲಿ ಪದ್ಧತಿ ಅದೇ. ಅಕ್ಕ ತಮ್ಮ ಒಬ್ಬರಿಗಾಗಿ ಒಬ್ಬರು ಪ್ರಾಣ ಬೇಕಾದರೂ ಕೊಟ್ಟಾರು, ಮೈ ವಿಷಯ ಮಾತ್ರ ಎತ್ತುವುದಿಲ್ಲ. ಪ್ರಾಣ ಹೋಗುವಾಗಲೂ ಎತ್ತಬಾರದು ಅಂತ ಯಾರು ಹೇಳಿದರೋ!

ಲಾಂಗಿ ಕ್ಲಿನಿಕ್ಕಿಗೆ ಓಡಿದಳು.

ಅತ್ತೆ ಬಂದವಳೇ ಚಾಪೆಯ ಮೇಲೆ ತಮ್ಮನಿಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ಕೂತಳು. ಅಪ್ಪ ಅತ್ತ ತಿರುಗಿ, ಕಂಬಕ್ಕೆ ಮುಖ ಕೊಟ್ಟು ಕೂತ. ನಡುವೆ ಲಾಂಗಿ.

“ನಿಮ್ಮಪ್ಪನ್ನ ಕೇಳು, ನೋವಿದೆಯಾ?”

“ಅಪ್ಪಾ, ನೋವಿದೆಯಾ?”

“ಒತ್ತಿದ್ರೆ ಇದೆ ಅಂತ ಹೇಳು.”

“ಒತ್ತಿದ್ರೆ ಇದೆಯಂತೆ.”

“ಎರಡೂ ಕಡೆನಾ? ಕಲ್ಲಿನಂಥ ಗಂಟು? ರಸ, ರಕ್ತ?”

ಕಂಬ ಉತ್ತರಿಸಿತು, “ಎರಡೂ ಕಡೆ. ಬೇರೇನೂ ಇಲ್ಲ.”

“ಮಾತ್ರೆ ಬಿಟ್ಟು ಎಷ್ಟು ದಿನ?”

“ಒಂಬತ್ತು.”

ಅತ್ತೆಯ ಬೈಗುಳ ಶುರುವಾಯಿತು.

“ಆ ಕತ್ತೆಗೆ ಹೇಳು ಲಾಂಗಿ, ಎದೆ ಊದಿದ್ರೆ ಯಾರೂ ಸಾಯಲ್ಲ, ನೀರು ತುಂಬಿ ಹಾರ್ಟ್ ನಿಂತ್ರೆ ಸಾಯ್ತಾರೆ. ನಂಗೆ ನಲವತ್ತು ವರ್ಷದಿಂದ ಇದಾವೆ, ನಾನೇನು ಊರು ಬಿಟ್ಟು ಓಡಿಹೋದ್ನಾ?”

ಕಂಬದ ಕಡೆಯಿಂದ ಕೆಮ್ಮು ಬಂತು.

“ಗಂಡಸರ ಎದೆಯಲ್ಲೂ ಅದರ ಬೀಜ ಒಂಚೂರು ಇರತ್ತೆ ಅಂತ ಹೇಳು. ಈ ಮಾತ್ರೆ ಕೆಲವರಿಗೆ ಅದನ್ನ ಎಬ್ಬಿಸತ್ತೆ. ಒಂದು ಮಾತು ಹೇಳಿದ್ರೆ ಡಾಕ್ಟ್ರು ಬೇರೆ ಮಾತ್ರೆ ಕೊಡ್ತಾರೆ. ಸ್ವಂತ ಬುದ್ಧಿಯಿಂದ ಬಿಡೋ ಹಾಗಿಲ್ಲ. ಹುಡುಗರಿಗೂ ಗಂಟಲು ಒಡೆಯೋ ಕಾಲಕ್ಕೆ ಹಿಂಗೆ ಬರತ್ತೆ, ಎಷ್ಟೋ ಜನಕ್ಕೆ ತಾನಾಗೇ ಹೋಗತ್ತೆ.”

“ಮಿಕಾಗೂ ಬರತ್ತಾ?”

“ಬರಬಹುದು. ಬಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು.”

ಅತ್ತೆ ಹೇಳಿದ್ದರಲ್ಲಿ ಅದೊಂದು ಮಾತ್ರ ಲಾಂಗಿಗೆ ಹಿಡಿಸಲಿಲ್ಲ.

ಅವತ್ತೇ ಅತ್ತೆ ಪಿಕಪ್ ಕರೆಸಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಳು. ಅವಳು ಮುಂದಿನ ಸೀಟಿನಲ್ಲಿ, ಅವನು ಹಿಂದೆ. ಡಾಕ್ಟರು ಎರಡು ದಿನ ಇರಿಸಿಕೊಂಡು, ನೀರು ಇಳಿಸಿ, ಮಾತ್ರೆ ಬದಲಾಯಿಸಿ ಕಳಿಸಿದರು. ಕಾಲಿನ ಊತ ಇಳಿದಿತ್ತು. ಎದೆ ಇಳಿಯುವುದಕ್ಕೆ ತಿಂಗಳುಗಟ್ಟಲೆ ಬೇಕಂತೆ.

ಶುಕ್ರವಾರಕ್ಕೆ ತಿಂಗಳುಗಳನ್ನು ಕಾಯುವ ವ್ಯವಧಾನ ಎಲ್ಲಿರುತ್ತದೆ? ಬಂದೇ ಬಂತು.

ಅಪ್ಪ ಶಾಲೆಯ ಮಾವಿನ ಮರದ ಕೆಳಗೆ ನಿಂತು ಅಂಗಿಯ ಗುಂಡಿಗೆ ಕೈ ಹಾಕಿದ. ಒಂದು, ಎರಡು, ಮೂರು. ಅವನು ಅಂಗಿ ಬಿಚ್ಚಿ ಕೊಂಬೆಗೆ ನೇತುಹಾಕಿ, ಕೋಲು ಹಿಡಿದು ಅಂಗಳಕ್ಕೆ ನಡೆದ. ಹುಡುಗರ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು.

ಅಪ್ಪ ಆ ಸಾಲನ್ನು ಒಮ್ಮೆ ನೋಡಿ, ಅತಿಥಿಗಳ ಕಡೆ ತಿರುಗಿದ.

“ಪ್ರತಿ ಸಲ ಸ್ವಾಗತಕ್ಕೆ ನಮ್ಮೂರಿಂದ ಒಬ್ಬ ಬರ್ತಿದ್ದ. ನೀವು ದೊಡ್ಡವರು ಅಂತ ಈ ಸಲ ಮೂವರು ಬಂದಿದೀವಿ.”

ಮೊದಲು ನಕ್ಕವರು ಪಾದ್ರಿ. ಆಮೇಲೆ ಅಂಗಳಕ್ಕೆ ಅಂಗಳವೇ. ಮಿಕಾ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದ. ಅಪ್ಪನ ದನಿ ಉಸಿರು ಕಟ್ಟದೆ ಸಮುದ್ರದವರೆಗೂ ಹೋಯಿತು.

ಲಾಂಗಿ ಹಿಂದೆ ನೋಡಿದಳು. ಹೆಂಗಸರ ನಡುವೆ ಫೇತು ಅತ್ತೆ ಒಬ್ಬಳೇ ಬೆನ್ನು ತಿರುಗಿಸಿ ಕೂತಿದ್ದಳು. ಅವಳ ಭುಜಗಳು ಕುಲುಕುತ್ತಿದ್ದವು. ನಗುವೋ, ಅಳುವೋ, ಹಿಂದಿನಿಂದ ತಿಳಿಯುವಂತಿರಲಿಲ್ಲ. ಎದೆಯ ಮಾತಿಗೆ ಅಕ್ಕನಿಗೆ ಹೀಗಾದದ್ದನ್ನು ತಮ್ಮ ನೋಡುವಂತಿಲ್ಲ.

ಲಾಂಗಿ ಎದ್ದು ಹೋಗಿ, ಅಪ್ಪನಿಗೆ ಅತ್ತೆ ಕಾಣದ ಹಾಗೆ ನಡುವೆ ಕೂತಳು.